ಕೆಸರಿನಲ್ಲಿ ನನ್ನ ಹೆಸರು

ಕಳೆದ ಭಾನುವಾರ ಬೆಳಿಗ್ಗೆ ತದಡಿ ಹತ್ತಿರದ ಕೆಸರಿನಲ್ಲಿ ನನ್ನ ಹೆಸರು ಬರೆದ ಹಲಗೆಯೊಂದು ನಿಂತಿತ್ತು. ಸುತ್ತಲೂ ಇನ್ನೂ ನೂರಾರು ಹಲಗೆಗಳು. ಒಂದೊಂದರ ಮೇಲೂ ಒಂದೊಂದು ಹೆಸರು. ಇಳಿತದ ಹೊತ್ತು, ಹೊಳೆ ದೂರ ಸರಿದಿತ್ತು. ಗಾಳಿಯಿಲ್ಲ. ಒಂದು ಕಾಗೆಯೂ ಕೂಗುತ್ತಿರಲಿಲ್ಲ.

ಸ್ಮಶಾನ ಅಂದುಕೊಂಡಿರಾ? ನನಗೂ ಹಾಗೇ ಅನ್ನಿಸಿ ಮೈ ಜುಮ್ಮೆಂದಿತು. ಅಲ್ಲ ಮಾರಾಯ್ರೇ, ಅದು ಅಭಿವೃದ್ಧಿ.

ಮೂರು ವರ್ಷದ ಹಿಂದೆ ಯುರೋಪಿನ ಒಂದು ಸಂಸ್ಥೆ ಇಲ್ಲಿ ಕಾಂಡ್ಲಾ ಗಿಡ ನೆಡಿಸಿತ್ತು. ಉಪ್ಪುನೀರಿನಲ್ಲೇ ಬೆಳೆದು, ಬೇರಿನಿಂದ ಮಣ್ಣು ಹಿಡಿದು, ಊರಿನ ಒಡ್ಡು ಕಾಯುವ ಗಿಡ ಅದು. ದುಡ್ಡು ಕೊಟ್ಟ ಯುರೋಪಿನವರು ಒಬ್ಬೊಬ್ಬರು ಒಂದೊಂದು ಗಿಡಕ್ಕೆ ಪೋಷಕರು. ಗಿಡದ ಪಕ್ಕ ಅವರ ಹೆಸರಿನ ಹಲಗೆ. (ಈ ಅಂಕಣದಲ್ಲಿ ಹಾಡಿ ಹೊಗಳಿದ್ದಕ್ಕೆ ನನ್ನ ಹೆಸರಿಗೂ ಒಂದು ಗಿಡ ಸಿಕ್ಕಿತ್ತು. ಪುಕ್ಕಟೆ!) ಊರಿನ ಹೆಂಗಸರು ಆರು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ವರದಿ ಕಳಿಸಬೇಕು. ಪೋಷಕರ ಹೆಸರು ಬರುತ್ತದೆ, ಕೆಳಗೆ ಎರಡು ಬಟನ್. ಹಸಿರು ಒತ್ತಿದರೆ ‘ಬದುಕಿದೆ’, ಕೆಂಪು ಒತ್ತಿದರೆ ‘ಸತ್ತಿದೆ’.

ಕಳೆದ ವಾರ ಸಂಸ್ಥೆಯಿಂದ ಇ-ಮೇಲ್ ಬಂತು. ಒಂದು ಬಿಟ್ಟು ಉಳಿದೆಲ್ಲ ಗಿಡಗಳೂ ಬದುಕಿವೆ, ಹಾಗಾಗಿ ಎರಡನೇ ಸಲ ನೆಡುವ ಅಗತ್ಯವಿಲ್ಲ, ವರದಿ ತಿದ್ದುವುದಿದ್ದರೆ ಈ ಶುಕ್ರವಾರ ಕೊನೆಯ ದಿನ, ಆಮೇಲೆ ನಾವು ಬೇರೆ ದೇಶಕ್ಕೆ ಹೊರಟೆವು ಅಂತ. ಸಂತೋಷವಾಯಿತು. ಕಣ್ಣಾರೆ ನೋಡೋಣ ಎಂದು ಹೊನ್ನಾವರದಿಂದ ಬಸ್ ಹತ್ತಿ ಬಂದರೆ, ಹಲಗೆಗಳಿವೆ. ಗಿಡಗಳೇ ಇಲ್ಲ!

ಮೊಣಕಾಲುದ್ದ ಕೆಸರಿನಲ್ಲಿ ಮಾದೇವಕ್ಕ ಬಳಚು ಚಿಪ್ಪುಮೀನು ಹೆಕ್ಕುತ್ತಿದ್ದಳು. ವರದಿ ಒತ್ತುವ ಕೆಲಸ ಇವಳದೇ. ಇವಳ ಮಗಳಿಗೆ ನಾನು ಗಣಿತ ಕಲಿಸಿದ್ದೆ. ಹಾಗಾಗಿ ನಾನು ಇವಳಿಗೆ ಅಕ್ಕೋರು.

“ಗಿಡ ಎಲ್ಲಿ ಮಾದೇವಕ್ಕ?”

“ಹೋದ್ವು ಅಕ್ಕೋರೇ. ಎರಡು ಮಳೆಗಾಲಕ್ಕೆ ಎಲ್ಲಾ ತೇಲ್ಕಂಡು ಹೋದ್ವು.”

“ಮತ್ತೆ ಹಸಿರು ಒತ್ತಿದ್ದು ಎಂತಕ್ಕೆ?”

ಅವಳು ಹಲಗೆಗಳತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು. ಕೇಳಿಸಿಕೊಂಡುಬಿಟ್ಟಾವು ಎನ್ನುವ ಹಾಗೆ.

“ಮೊದಲು ಸತ್ತದ್ದು ಹೆನ್ರಿಕ್ ಅನ್ನೋರ ಗಿಡ. ಕೆಂಪು ಒತ್ತಿದೆ. ಮುಂದಿನ ತಿಂಗಳು ಸಂಸ್ಥೆ ಆಫೀಸಿನ ಬಾಯೋರು ಬಂದ್ರು. ಕಣ್ಣು ಒರೆಸ್ಕಳ್ತಾ ಹೇಳಿದ್ರು, ಹೆನ್ರಿಕ್ ಅಜ್ಜ ತೀರ್ಕಂಡ್ರು ಅಂತ. ಯಾವ ದಿನ ಅಂತ ಕೇಳ್ದೆ. ನಾ ಒತ್ತಿದ ದಿನವೇ ಅಕ್ಕೋರೇ!”

ನಾನು ಗಣಿತದ ಟೀಚರ್. ಕಾಕತಾಳೀಯ ಎಂದೆ. ವಯಸ್ಸಾದವರು ಯಾವುದೋ ಒಂದು ದಿನ ಹೋಗಲೇಬೇಕಲ್ಲ ಎಂದೆ. ಅವಳು ಕೇಳಲಿಲ್ಲ. ಕೇಳುವುದಾದರೂ ಹೇಗೆ? ಡಬ್ಬದಲ್ಲಿ ಅಕ್ಕಿ ಖಾಲಿಯಾದರೆ ‘ಹೆಚ್ಚಾಗಿದೆ’ ಎನ್ನುವವರು ನಾವು. ಮನೆಯಿಂದ ಹೊರಡುವಾಗ ‘ಬರ್ತೇನೆ’ ಎನ್ನುವವರು. ಬದುಕಿರುವ ಮನುಷ್ಯನ ಹೆಸರಿನ ಕೆಳಗೆ ‘ಸತ್ತಿದೆ’ ಎಂದು ಒತ್ತು ಅಂದರೆ? ಈ ಮೊಬೈಲ್ ಆ್ಯಪ್ ಮಾಡಿದ ತಜ್ಞರಿಗೆ ಎಲ್ಲ ಗೊತ್ತಿತ್ತು. ಇದೊಂದನ್ನು ಯಾರೂ ನಮ್ಮನ್ನು ಕೇಳಲೇ ಇಲ್ಲ.

ಒಡ್ಡು ಆಗಲೇ ಒಂದು ಕಡೆ ಬಾಯಿ ಬಿಟ್ಟಿದೆ. ಅದರ ಹಿಂದೆಯೇ ಮಾದೇವಕ್ಕನ ಮನೆ. ಕಳೆದ ಮಳೆಗಾಲದಲ್ಲಿ ಅವಳ ಬಾವಿಗೆ ಉಪ್ಪುನೀರು ಬಂದಿತ್ತು.

“ಮತ್ತೆ ಗಿಡ ನೆಡದಿದ್ರೆ ನಿನ್ನ ಮನೆಯೇ ಹೋಗ್ತದಲ್ಲೇ!” ನನಗೆ ಸಿಟ್ಟೇ ಬಂತು.

“ಮನೆ ಹೋದ್ರೆ ಇನ್ನೊಂದು ಕಟ್ಟೂಕಾತದೆ. ಜೀವ ಹೋದ್ರೆ ತಿರುಗಿ ಕೊಡೂಕಾತದ್ಯಾ?”

ಶ್ರೀಮಂತ ದೇಶ ಬಡ ಊರಿಗೆ ನೆರವಾಗುತ್ತಿದೆ ಎಂದು ಬರೆದವಳು ನಾನೇ. ಇಲ್ಲಿ ನೋಡಿದರೆ ಮುಖ ಕಾಣದ ನೂರಾರು ಜನರ ಜೀವವನ್ನು ಮಾದೇವಕ್ಕ ಎರಡು ವರ್ಷದಿಂದ ತನ್ನ ಬಾವಿಯ ನೀರು ಕೊಟ್ಟು ಕಾಯುತ್ತಿದ್ದಾಳೆ! ಯಾರು ಯಾರಿಗೆ ಸಹಾಯ ಮಾಡುತ್ತಿದ್ದಾರೆ ಸ್ವಾಮೀ?

“ಇದೆಲ್ಲ ಸುಳ್ಳು ಮಾದೇವಕ್ಕ. ಏನೂ ಆಗೋದಿಲ್ಲ,” ಎಂದೆ.

ಅವಳು ಕೈ ಒರೆಸಿಕೊಂಡು ಸೆರಗಿನೊಳಗಿಂದ ಮೊಬೈಲ್ ತೆಗೆದಳು. “ಹಂಗಾದ್ರೆ ನಿಮ್ದು ನೀವೇ ಒತ್ತಿ.”

ಪರದೆಯ ಮೇಲೆ ನನ್ನ ಹೆಸರು. ಕೆಳಗೆ ಕೆಂಪು ಬಟನ್. ಕಾಲಿಗೆ ತಣ್ಣಗೆ ಏನೋ ತಾಗಿತು. ಉಬ್ಬರದ ನೀರು ಸದ್ದಿಲ್ಲದೆ ಹಲಗೆಗಳ ನಡುವಿನಿಂದ ಬರುತ್ತಿತ್ತು. ಕಣ್ಣು ಮುಚ್ಚಿ ಒತ್ತಿಬಿಟ್ಟೆ.

‘ಸತ್ತಿದೆ. ತಿಳಿಸಿದ್ದಕ್ಕೆ ಧನ್ಯವಾದ.’

ಮಾದೇವಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಶುಕ್ರವಾರ ಬೆಳಿಗ್ಗೆವರೆಗೆ ನೀವು ಆರಾಮ ಇದ್ರೆ ಉಳಿದದ್ದೆಲ್ಲಾ ನಾ ಒತ್ತುತೆ. ಆತಾ?”

“ಆತು,” ಎಂದೆ. ಇನ್ನೇನು ಹೇಳಲಿ?

ಅಂದಿನಿಂದ ಅವಳು ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾಳೆ. “ಆರಾಮ ಅಕ್ಕೋರೇ?” ಎಂದು ಕೇಳಿ ಇಟ್ಟುಬಿಡುತ್ತಾಳೆ, ಅಷ್ಟೇ. ಸಂಸ್ಥೆಯಿಂದಲೂ ನನಗೊಂದು ಇ-ಮೇಲ್ ಬಂದಿದೆ. ನನ್ನ ಹೆಸರು ಹಾಕಿ, ತೀವ್ರ ವಿಷಾದ ಸೂಚಿಸಿದ್ದಾರೆ.

ನಾನು ಇದನ್ನೆಲ್ಲ ನಂಬುವುದಿಲ್ಲ, ಖಂಡಿತ ನಂಬುವುದಿಲ್ಲ. (ಆದರೂ ಸೋಮವಾರದಿಂದ ಸ್ಕೂಟರ್ ಮುಟ್ಟಿಲ್ಲ.) ಈ ಅಂಕಣ ನಿಮ್ಮ ಕೈ ಸೇರುವುದು ಗುರುವಾರ. ಹಾಲಿನ ಅಂಗಡಿ ಇರುವುದು ಹೆದ್ದಾರಿಯ ಆಚೆ. ಮಾದೇವಕ್ಕನ ಒಡ್ಡು ಉಳಿಯಬೇಕಾದರೆ ಇನ್ನೊಂದು ದಿನ ನಾನು ಉಳಿಯಬೇಕು. ನೀವೇ ಹೇಳಿ, ರಸ್ತೆ ದಾಟಲಾ, ಬೇಡವಾ?