ತೊಳೆದುಕೊಂಡು ಬರತಕ್ಕದ್ದು

ನಾನು ನರ್ಸ್. ಮನೆ ಮನೆಗೆ ಹೋಗಿ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ತೊಳೆದು ಕಟ್ಟುವುದು ಕೆಲಸ. ಕಳೆದ ವರ್ಷದ ಪವಿತ್ರ ಗುರುವಾರ ಕೈಲಾಂಚ ಹಳ್ಳಿಯ ಪುಟ್ಟಮ್ಮ ಹಿಪ್ಪುನೇರಳೆ ತೋಟದಿಂದ ಬಂದವರೇ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

"ತಡಿಯವ್ವಾ, ಮಣ್ಣಾಗೈತೆ. ಒಸಿ ತೊಳ್ಕಂಡ್ ಬತ್ತೀನಿ."

"ತೊಳೆಯೋಕೇ ನಾನು ಬಂದಿರೋದು, ಅಮ್ಮ. ಸಂಜೆ ನಮ್ಮ ಚರ್ಚಲ್ಲೂ ಇದೇ ಕೆಲಸ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಫಾದರ್ ಹನ್ನೆರಡು ಜನರ ಕಾಲು ತೊಳೀತಾರೆ. ಈ ಸಲ ನಾನೂ ಒಬ್ಬಳು."

ಅವರು ಕಾಲು ಚಾಚಿ ಕೇಳಿದರು: "ಅಲ್ಲಿಗೆ ತೊಳ್ಕಂಡ್ ಹೋಗ್ಬೇಕಾ, ಹಿಂಗೇ ಹೋಗ್ಬೋದಾ?"

ನಾನು ಬಗ್ಗಿ ಹುಣ್ಣು ತೊಳೆಯತೊಡಗಿದೆ. 'ಹನ್ನೆರಡು ಮಂದಿಯೂ ಸೋಪು ಹಾಕಿ ಕಾಲು ತೊಳೆದುಕೊಂಡು ಬರತಕ್ಕದ್ದು' ಎಂಬ ಸಂದೇಶ ಬೆಳಿಗ್ಗೆಯೇ ಮೊಬೈಲಿಗೆ ಬಂದಿತ್ತು. ಪ್ರತಿ ವರ್ಷದ ರೂಢಿ ಅದು; ಯಾಕೆಂದು ನಾನೂ ಕೇಳಿರಲಿಲ್ಲ.

ಸಂಜೆ ಬಸ್ಸಿಳಿದವಳು ಕಾಲಿಗಂಟಿದ ಕೈಲಾಂಚದ ಕೆಮ್ಮಣ್ಣಿನ ಸಮೇತ ನೇರ ಚರ್ಚಿಗೆ ಹೋಗಿ ಆ ಹನ್ನೆರಡು ಜನರ ಸಾಲಿನಲ್ಲಿ ಕೂತೆ. ಸಮಿತಿಯ ಹಿರಿಯರೊಬ್ಬರು ಬಗ್ಗಿ ಪಿಸುಗುಟ್ಟಿದರು: "ನಲ್ಲಿ ಹಿಂದುಗಡೆ ಇದೆಯಮ್ಮ."

"ಗೊತ್ತು ಸಾರ್. ತೊಳೆದ ಕಾಲನ್ನ ಫಾದರ್ ಯಾಕೆ ತೊಳೀಬೇಕು?"

"ಅದು ಸಾಂಕೇತಿಕ ಕಣಮ್ಮ."

"ನನ್ನ ಮಣ್ಣು ಸಾಂಕೇತಿಕ ಅಲ್ಲ ಸಾರ್. ನಾನು ಏಳಲ್ಲ."

ಫಾದರ್ ಬಂದರು. ನನ್ನ ಕಾಲು ನೋಡಿದರು, ಹಿರಿಯರ ಮುಖ ನೋಡಿದರು. ಆಮೇಲೆ ನಿಲುವಂಗಿಯ ತೋಳು ಮಡಚಿ, ಮಂಡಿಯೂರಿ, ನಿಜವಾಗಿಯೇ ಉಜ್ಜಿದರು. ಬೋಗುಣಿಯ ನೀರು ಕೆಂಪಾಯಿತು.

ಈ ವರ್ಷದ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಬದಲಿಗೆ ಪುಟ್ಟಮ್ಮನವರ ಹೆಸರನ್ನು ಫಾದರ್ ಕೈಗೇ ಬರೆದುಕೊಟ್ಟಿದ್ದೇನೆ. ತೋಟದಿಂದ ನೇರ ಬರುತ್ತಾರಂತೆ.