ಕೋಳಿಗರಿಯ ಕಪ್ಪೆ

ನನ್ನ ಮಾವನವರ ಬಲಗೈಯ ತೋರುಬೆರಳಿನಲ್ಲಿ, ಮೊದಲ ಗೆಣ್ಣಿನ ಕೆಳಗೆ, ಒಂದು ತೋಡು ಬಿದ್ದಿತ್ತು. ಹಗ್ಗ ಉಜ್ಜಿ ಉಜ್ಜಿ ಬಾವಿಕಟ್ಟೆಯ ಕಲ್ಲಿನಲ್ಲಿ ಬೀಳುತ್ತದಲ್ಲ, ಅಂಥದು. ಮೀನಿನ ದಾರವನ್ನು ವರ್ಷಗಟ್ಟಲೆ ಅದೇ ಜಾಗದಲ್ಲಿ ಎಳೆದು ಆದದ್ದು.

ನಾನು ಬೆಳಗಾವಿಯಿಂದ ಖಾನಾಪುರದ ಆ ಮನೆಗೆ ಸೊಸೆಯಾಗಿ ಹೋದದ್ದು ಇಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಅತ್ತೆ ಆಗಲೇ ತೀರಿಕೊಂಡಿದ್ದರು. ಮಾವ ರೈಲ್ವೆ ಗಾರ್ಡ್ ಆಗಿ ದುಡಿದು, ನಿವೃತ್ತರಾಗಿ ಮನೆಯಲ್ಲಿದ್ದರು. ಗುಂಜಿಯ ಕಡೆ ಸೇತುವೆ ನೋಡಲು ಬರುತ್ತಿದ್ದ ಬಿಳಿಯ ಇಂಜಿನಿಯರನೊಬ್ಬ ಅವರಿಗೆ ಹುಳವಿಲ್ಲದೆ ಮೀನು ಹಿಡಿಯುವುದನ್ನು ಕಲಿಸಿದ್ದನಂತೆ. ಕೋಳಿಗರಿ, ಬಟ್ಟೆಚೂರು, ಹಿತ್ತಾಳೆಯ ತುಣುಕು ಸೇರಿಸಿ ಕಪ್ಪೆಯ ಹಾಗೆ ಒಂದು ಬೊಂಬೆ ಕಟ್ಟುವುದು, ಅದರ ಹೊಟ್ಟೆಯಲ್ಲಿ ಗಾಳ ಅಡಗಿಸುವುದು, ನೀರಿನ ಮೇಲೆ ಎಸೆದು ಮೆಲ್ಲಗೆ ಎಳೆಯುವುದು. ಕಪ್ಪೆಯೇ ಎಂದು ನಂಬಿ ಮರಳ ಹಾರಿ ಕಚ್ಚುತ್ತಿತ್ತು. ಮರಳ ಎಂದರೆ ಹಾವಿನ ತಲೆಯ, ಕೆರೆಯ ಕೆಸರಿನ ಮೀನು. ಬಲು ಗಟ್ಟಿ ಜೀವ. ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಅರ್ಧ ದಿನ ಉಸಿರಾಡುತ್ತಿರುತ್ತದೆ.

ನಾನು ಕಸೂತಿ ಹಾಕುವುದನ್ನು ಅವರು ಒಂದು ದಿನ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಮರುದಿನ ಬೆಳಿಗ್ಗೆ ಒಂದು ಹಿಡಿ ಗರಿ ತಂದು ನನ್ನ ಮುಂದೆ ಇಟ್ಟರು.

"ತಂಗಿ, ನನ್ನ ಕೈ ನಡಗತಾವ. ನಿನ್ನ ಕೈಯಾಗ ಛಲೋ ಹಿಡತ ಐತಿ. ಒಂದ ಕಪ್ಪಿ ಕಟ್ಟಿ ಕೊಡತೀಯೇನು?"

ಸೊಸೆಯಾದ ನನ್ನನ್ನು ಅವರು ಅಕ್ಕರೆಯಿಂದ ತಂಗಿ ಎಂದೇ ಕರೆಯುತ್ತಿದ್ದರು. ನಾನು ನಕ್ಕುಬಿಟ್ಟೆ. ಆದರೂ ಕಟ್ಟಿಕೊಟ್ಟೆ. ಸಂಜೆ ಅವರು ಹಲಸಿ ದಾರಿಯ ಕೆರೆಯಿಂದ ಎರಡು ಮೀನು ಹಿಡಿದು ಬಂದರು. ಅಂದಿನಿಂದ ಅವರ ಕಪ್ಪೆಗಳೆಲ್ಲ ನನ್ನ ಕೈಯವೇ. ಒಮ್ಮೆ ನನ್ನನ್ನೂ ಕೆರೆಗೆ ಕರೆದುಕೊಂಡು ಹೋಗಿ ಬಿದಿರುಕೋಲು ನನ್ನ ಕೈಗೆ ಕೊಟ್ಟರು. ನಾನು ಅವಸರದಲ್ಲಿ ದಾರ ಎಳೆದಾಗ, "ಓಡಸಬ್ಯಾಡ. ಎರಡ ಸಲ ಜಿಗೀಲಿ, ಆಮ್ಯಾಗ ಒಂದ ಉಸಿರ ನಿಲ್ಲಲಿ. ನಿಂತಾಗನ ಮೀನ ಬರತೈತಿ" ಎಂದರು. ಒಂದು ಕಡೆ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಮಿಸುಕಾಡುತ್ತಿತ್ತು. ಮರಿಗಳ ಕೆಳಗೇ ತಾಯಿ ತಂದೆ ಕಾವಲಿರುತ್ತವೆ, ಅಲ್ಲಿ ಎಸೆದರೆ ಖಂಡಿತ ಸಿಗುತ್ತದೆ ಎಂದು ಅವರೇ ಹೇಳಿದರು. ಹೇಳಿ, ನನ್ನ ಕೈಯಿಂದ ಕೋಲು ಇಸಿದುಕೊಂಡು ಆಚೆ ದಂಡೆಗೆ ನಡೆದರು.

ತವರಿನಲ್ಲಿ ನನ್ನ ಜೊತೆ ಯಾರೂ ಹೀಗೆ ಮಾತಾಡಿರಲಿಲ್ಲ. ಅಪ್ಪ ಸತ್ತ ಮೇಲೆ ಅಲ್ಲಿ ಎಲ್ಲವೂ ಅಣ್ಣನದೇ. ಅಣ್ಣ ಬೆಳಗಾವಿಯ ಕಚೇರಿಯಲ್ಲಿ ಗುಮಾಸ್ತ. ಬೂಟು, ಕೋಟು, ಅಳೆದು ಆಡುವ ಮಾತು.

ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆದ ಮರುವರ್ಷ ನನ್ನ ತಂಗಿಗೆ ಒಂದು ದೊಡ್ಡ ಮನೆತನದ ಸಂಬಂಧ ಬಂತು. ವಕೀಲರ ಮನೆ. ಹೆಣ್ಣು ನೋಡಲು ಬರುವ ದಿನಕ್ಕೆಂದು ನಾನು ತವರಿಗೆ ಹೋದೆ. ಹೊರಡುವ ಮುಂಚೆ ಮಾವನಿಗೆ ಒಂದು ಹೊಸ ಕಪ್ಪೆ ಕಟ್ಟಿಟ್ಟಿದ್ದೆ. ಬಿಳಿಗರಿ, ಹೊಟ್ಟೆಗೆ ಕಸೂತಿಯ ಕೆಂಪು ರೇಶ್ಮೆದಾರ.

ಅಂದು ಪಡಸಾಲೆಯಲ್ಲಿ ಗಂಡಿನ ಕಡೆಯವರು ಜಮಖಾನೆಯ ಮೇಲೆ ಕುಳಿತಿದ್ದರು. ಅಣ್ಣ ಅವರೆದುರಿಗಿದ್ದ. ನಾನು ಫಳಾರದ ತಾಟು ಹಿಡಿದು ನಿಂತಿದ್ದೆ. ಆಗ ಹೊಸ್ತಿಲಲ್ಲಿ "ತಂಗೀ" ಎಂಬ ದನಿ ಕೇಳಿತು.

ಮಾವ! ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಧೋತರ, ಮೈತುಂಬ ಕೆಸರಿನ ಕಲೆ. ಕೆರೆಯಿಂದ ನೇರ ರೈಲು ಹತ್ತಿ ಬಂದಿದ್ದರು. ಕೈಯಲ್ಲಿ ನೀರು ಸೋರುವ ಗೋಣಿಚೀಲ. ಒಳಗೆ ಏನೋ ಒದ್ದಾಡುತ್ತಿತ್ತು. ಅವರ ಮುಖವೆಲ್ಲ ನಗು.

ಗಂಡಿನ ತಾಯಿ ಮೂಗಿಗೆ ಸೆರಗು ಹಿಡಿದು ನನ್ನನ್ನು ಕೇಳಿದರು: "ಯಾರವಾ ಇವರು?"

ಅವರೇನು ಮೀನು ತಿನ್ನದವರಲ್ಲ. ಆದರೆ ಅಂಥವರ ಮನೆಗಳಲ್ಲಿ ಮೀನು ಹಿಂಬಾಗಿಲಿನಿಂದ ಬರುತ್ತದೆ. ನಾನು ಅಣ್ಣನ ಕಡೆ ನೋಡಿದೆ. ಅವನು ತಲೆ ತಗ್ಗಿಸಿದ.

"ಮೀನ ಮಾರಾಂವ್ರಿ" ಎಂದೆ.

ಮಾವನ ನಗು ಒಮ್ಮೆಲೇ ಹೋಗಲಿಲ್ಲ. ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿಯಿತು. ಅವರು ಒಳಗೆ ಕುಳಿತವರನ್ನು ನೋಡಿದರು, ಆಮೇಲೆ ನನ್ನನ್ನು.

"ಹೌದ್ರಿ ಬಾಯಾರ" ಎಂದರು. "ಮೀನ ತಂದೀನ್ರಿ. ಹಿಂದಿನ ಬಾಗಲಕ ಇಟ್ಟ ಹೋಗತೀನ್ರಿ."

ತಂಗಿ ಎನ್ನುತ್ತಿದ್ದವರು ನನಗೆ, ದೊಡ್ಡ ಮನೆಯ ಹೆಂಗಸಿಗೆ ಎನ್ನುವ ಹಾಗೆ, ಬಾಯಾರ ಎಂದರು.

ಬಂದವರು ಹೋದ ಮೇಲೆ ಹಿತ್ತಲಿಗೆ ಓಡಿದೆ. ಮಾವ ಇರಲಿಲ್ಲ. ಗೋಣಿ ಬಿಚ್ಚಿದರೆ ನನ್ನ ತೋಳಿನಷ್ಟು ಉದ್ದದ ಮರಳ, ಇನ್ನೂ ಕಿವಿರು ತೆರೆದು ಮುಚ್ಚುತ್ತಿತ್ತು. ಅದರ ದವಡೆಯ ಮೂಲೆಯಲ್ಲಿ ಬಿಳಿಗರಿ, ಕೆಂಪು ರೇಶ್ಮೆ. ನಾನು ನೋಡಲಿ ಎಂದು ಅವರು ಗಾಳ ಬಿಡಿಸಿರಲಿಲ್ಲ. ಹಿಂದೆ ಬಂದು ನಿಂತ ಅಣ್ಣ, "ಅಷ್ಟ ಹೇಳಿದ್ದ ಛಲೋ ಆತು" ಎಂದ.

ನಾಲ್ಕು ದಿನ ಬಿಟ್ಟು ಖಾನಾಪುರಕ್ಕೆ ಮರಳಿದೆ. ದಾರಿಯುದ್ದಕ್ಕೂ ಕಾಲಿಗೆ ಬೀಳಬೇಕೆಂದು ಮಾತು ಜೋಡಿಸಿಕೊಂಡಿದ್ದೆ. ಮಾವ ಅಂಗಳದಲ್ಲಿ ಕುಳಿತು ಬಿದಿರಿಗೆ ಎಣ್ಣೆ ಸವರುತ್ತಿದ್ದರು.

"ಮದಿವಿ ಠರಾವ ಆತೇನು?"

"ಆತ್ರಿ."

"ಛಲೋ ಆತು ನೋಡು. ಹುಡುಗಿ ಸುಖದಿಂದ ಇರ್ಲಿ."

ಅವರ ದನಿಯಲ್ಲಿ ಒಂದಿಷ್ಟಾದರೂ ಕಹಿ ಇದ್ದಿದ್ದರೆ ನಾನು ಬಾಯಿ ಬಿಡುತ್ತಿದ್ದೆ. ಇರಲಿಲ್ಲ. ಒಳಗೆ ಹೋಗಿ ಒಲೆ ಹೊತ್ತಿಸಿದೆ.

ಮದುವೆಗೆ ಅವರು ಬರಲಿಲ್ಲ. "ಕಾಲ ಭಾಳ ನೋಯಾಕತ್ತಾವ, ನೀವ ಹೋಗಿ ಬರ್ರಿ" ಎಂದರು. ನನ್ನ ಗಂಡನಿಗೆ ಆಶ್ಚರ್ಯ. ಹಿಂದಿನ ದಿನವಷ್ಟೇ ಅವರು ಕೆರೆಯವರೆಗೆ ನಡೆದು ಬಂದಿದ್ದರು. ನನಗೆ ತಿಳಿದಿತ್ತು. ಅವರು ಮಂಟಪಕ್ಕೆ ಬಂದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಮುಂದೆ ತಂಗಿಯ ಮನೆಯ ಯಾವ ಕಾರ್ಯಕ್ಕೂ ಅವರ ಕಾಲು ಸರಿಹೋಗಲಿಲ್ಲ.

ನಾನು ಗರಿ ಆರಿಸಲು ಕುಳಿತರೆ, "ಇರ್ಲಿ ಬಿಡು, ನಿನ್ನ ಕಣ್ಣಿಗೆ ಯಾಕ ತ್ರಾಸ" ಎನ್ನುತ್ತಿದ್ದರು. ನಡುಗುವ ಕೈಯಿಂದ ತಾವೇ ಕಟ್ಟುತ್ತಿದ್ದರು. ಅವು ಎರಡು ಎಸೆತಕ್ಕೆ ಬಿಚ್ಚಿಹೋಗುತ್ತಿದ್ದವು. ಬರಿಗೈಯಲ್ಲಿ ಬಂದ ದಿನ, "ಇವತ್ತ ಮೀನ ಶಾಣ್ಯಾ ಆಗ್ಯಾವು" ಎಂದು ನಗುತ್ತಿದ್ದರು.

ಮತ್ತೆರಡು ಮಳೆಗಾಲ ಕಳೆದು ಜ್ವರ ಬಂತು, ಮೂರೇ ದಿನ. ಕೊನೆಯ ಮಧ್ಯಾಹ್ನ ನೀರು ಕುಡಿಸುವಾಗ ನಾನು, "ಮಾವಾರ, ಅವತ್ತ ಬೆಳಗಾವ್ಯಾಗ..." ಎಂದು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು. "ನೀರ ಛಲೋ ಅದಾವ" ಎಂದರು, ಅಷ್ಟೇ.

ಅವರು ತೀರಿಕೊಂಡ ಮೇಲೆ ಮಾತಾಡಿಸಲು ತಂಗಿಯ ಅತ್ತೆ ಬೆಳಗಾವಿಯಿಂದ ಬಂದರು. ನನ್ನ ಪಕ್ಕದಲ್ಲಿ ಕುಳಿತು, ನಿಜವಾಗಿಯೂ ಕಣ್ಣು ಒರೆಸಿಕೊಂಡು ಹೇಳಿದರು: "ಬೀಗರಾಗಿ ಇಷ್ಟ ದಿನ ಆತು, ನಿಮ್ಮ ಮಾವನೋರ ಮುಖ ಒಮ್ಮೆನೂ ನೋಡೂದು ಆಗಲಿಲ್ಲ ನೋಡವಾ."

ನನ್ನ ಗಂಡ ಎದುರಿಗೇ ಇದ್ದ. ಮನೆಯ ತುಂಬ ಜನ.

"ಹೌದ್ರಿ" ಎಂದೆ. "ಆಗಲಿಲ್ಲ."