ನಾಲ್ಕನೇ ಜ್ವರ

ಚಿಕ್ಕಬಳ್ಳಾಪುರದಲ್ಲಿ ನನ್ನ ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರು, ಇನ್ನು ಟೆನ್ಷನ್ ಮಾಡಿಕೊಳ್ಳಬೇಡಿ ಎಂದು ಹೇಳಿ ಮನೆಗೆ ಕಳಿಸಿದರು. ಟೆನ್ಷನ್ ಅಳೆಯುವ ಗಡಿಯಾರ ಸಿಗುತ್ತದೆಂದು ಮಗಳು ಒಂದು ತಂದು ಕೈಗೆ ಕಟ್ಟಿದಳು. ಅದು ನೂರಕ್ಕೆ ಇಷ್ಟು ಎಂದು ತೋರಿಸುತ್ತದೆ. ಸ್ಕೂಲಿನಲ್ಲಿ ಎಂದೂ ಬಾರದ ಮಾರ್ಕ್ಸು ಈಗ ಕೂತಲ್ಲೇ ಬರತೊಡಗಿತು.

ಹೆಂಡತಿ ಒಂದು ಕಾನೂನು ಮಾಡಿದಳು. ಮೇಲೂರಿನ ನಮ್ಮ ಮನೆಯಲ್ಲಿ ಇನ್ನು ಕೆಟ್ಟ ಸುದ್ದಿ ಇಲ್ಲ. ಈ ಸಲ ರೇಷ್ಮೆಹುಳುವನ್ನೂ ಸಾಕುವುದಿಲ್ಲ, ತೋಟದ ಹುಳದ ಮನೆಗೆ ಬೀಗ ಹಾಕಿದ್ದೇನೆ ಎಂದಳು. ಏನು ಕೇಳಿದರೂ ಎಲ್ಲಾ ಚೆನ್ನಾಗಿದೆ ಅನ್ನುತ್ತಿದ್ದಳು. ಹಸು ಸತ್ತದ್ದು ನನಗೆ ಗೊತ್ತಾದದ್ದು ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ ನೋಡಿ. ಅವಳಿಗೆ ದಿನಕ್ಕೆ ಮೂರು ಹೊತ್ತು ಮಹಿಳಾ ಸಂಘದ ಮೀಟಿಂಗ್. ವಿಧಾನಸಭೆಯೂ ಅಷ್ಟು ಸೇರುವುದಿಲ್ಲ. ನಾನು ಜಗಲಿಯಲ್ಲಿ ಒಬ್ಬನೇ ಕೂತು ಅರವತ್ತು, ಎಪ್ಪತ್ತು ತೆಗೆಯುತ್ತಿದ್ದೆ.

ಒಂದು ಬೆಳಗ್ಗೆ ಅವಳು ಹಿತ್ತಲಲ್ಲಿ ಚಿಂತಾಮಣಿಯಲ್ಲಿರುವ ತನ್ನ ತಂಗಿಯೊಡನೆ ಫೋನಿನಲ್ಲಿದ್ದಳು. ಗುಟ್ಟಿನ ಮಾತು ಬಂದರೆ ತೆಲುಗಿಗೆ ಹೋಗುತ್ತಾಳೆ. ನಮ್ಮ ಕಡೆ ನಾಯಿಗೂ ತೆಲುಗು ಬರುತ್ತದೆ ಎಂಬುದನ್ನು ಮರೆಯುತ್ತಾಳೆ. ಇದು ನಾಲ್ಕನೇ ಜ್ವರ, ಈ ಸಲ ಏಳುವುದು ಅನುಮಾನ ಎಂದಳು.

ಆಸ್ಪತ್ರೆಯಿಂದ ಬಂದ ಮೇಲೆ ನನಗೆ ಮೂರು ಸಲ ಜ್ವರ ಬಂದಿತ್ತು. ಆವತ್ತು ಮೈ ಸ್ವಲ್ಪ ಬೆಚ್ಚಗಿತ್ತು. ಲೆಕ್ಕ ಸರಿಹೋಯಿತು. ಗಡಿಯಾರ ತೊಂಬತ್ತಾರು ತೋರಿಸಿತು. ಸುಳ್ಳು ಯಾಕೆ ಹೇಳಲಿ, ಸಾಯುವುದಕ್ಕೆ ಭಯವಾಯಿತು.

ಅವಳು ಮೀಟಿಂಗಿಗೆ ಹೊರಟುಹೋದ ಮೇಲೆ ಬುದ್ಧಿ ಬಂತು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಗೂಡು ಕಟ್ಟುವ ಮೊದಲು ಅದು ನಾಲ್ಕು ಜ್ವರ ಏಳಬೇಕು. ನಲವತ್ತು ವರ್ಷ ಹುಳು ಸಾಕಿದವನು ಹಣೆ ಮುಟ್ಟಿ ನೋಡಿಕೊಂಡಿದ್ದೆ.

ಮೆಲ್ಲಗೆ ತೋಟಕ್ಕೆ ನಡೆದೆ. ಹುಳದ ಮನೆಗೆ ಬೀಗ ಇರಲಿಲ್ಲ. ಅವಳು ತೇವ ಆರಲೆಂದು ಹುಳುವಿನ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದಳು. ನನ್ನ ಮುಖ ನೋಡಲಿಲ್ಲ, ಮೊದಲು ಗಡಿಯಾರ ನೋಡಿದಳು.

ಯಾಕೆ ಮುಚ್ಚಿಟ್ಟೆ ಎಂದು ಕೇಳಿದೆ.

"ಹೇಳಿದ್ರೆ ನಿಮಗೆ ಟೆನ್ಷನ್ ಏರುತ್ತೆ ಅಂದ್ರು ಡಾಕ್ಟ್ರು. ಹೇಳ್ದೆ ನನಗೆ ಎಷ್ಟು ಏರ್ತು ಅಂತ ಯಾರು ನೋಡಿದ್ರು?" ಎಂದು ಅತ್ತಳು.

ನನಗೆ ನಾಚಿಕೆಯಾಯಿತು. ಬಗ್ಗಿ ಹುಳುವನ್ನು ನೋಡಿದೆ. ಅರ್ಧ ಎದ್ದಿದ್ದವು, ಅರ್ಧ ಇನ್ನೂ ಜ್ವರದಲ್ಲೇ ತಲೆ ಎತ್ತಿ ಕೂತಿದ್ದವು. ರೋಗವೇನೂ ಕಾಣಲಿಲ್ಲ. ಈಗಲೇ ಸೊಪ್ಪು ಹಾಕಬೇಡ, ಎಲ್ಲಾ ಏಳಲಿ, ಸಂಜೆವರೆಗೆ ಕಾಯೋಣ ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಷ್ಟು ಹೇಳೋರು ಒಬ್ರು ಬೇಕಾಗಿತ್ತು ಕಣ್ರೀ, ಒಂದು ತಿಂಗಳಿಂದ."